ನೈಸಿಯಾದಲ್ಲಿ ಬೈಬಲ್ ವಿಷಯ ಬರಲೇ ಇಲ್ಲ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಒಂದು ಫಾರ್ವರ್ಡ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಲು ಶುರು ಮಾಡುತ್ತದೆ. ಕ್ರಿ.ಶ. 325ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್‌ಗಳನ್ನೆಲ್ಲ ನೈಸಿಯಾ ಎಂಬ ಊರಿಗೆ ಕರೆಸಿದನಂತೆ. ಅಲ್ಲಿ ವೋಟು ಹಾಕಿ ಯೇಸುವನ್ನು ದೇವರು ಮಾಡಿದರಂತೆ, ಯೇಸುವಿನ ಜೀವನ ಹೇಳುವ ಸುವಾರ್ತೆ ಪುಸ್ತಕಗಳಲ್ಲಿ ತಮಗೆ ಬೇಕಾದ ನಾಲ್ಕನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಸುಟ್ಟರಂತೆ, ಬೈಬಲ್ ಅಂದರೆ ಅಷ್ಟೇ ಅಂತೆ. ಅದೇ ಗುಂಪಿನಲ್ಲಿ ಯಾರಾದರೂ ಕ್ರೈಸ್ತರಿದ್ದರೆ ಉತ್ತರ ರೆಡಿ: ಬೈಬಲ್ ಮೊದಲಿನಿಂದಲೂ ಈಗಿರುವ ಹಾಗೇ ಇತ್ತು, ಒಂದಕ್ಷರವೂ ಬದಲಾಗಿಲ್ಲ. ಎರಡೂ ಸರಿಯಲ್ಲ. ನಿಜವಾಗಿ ನಡೆದದ್ದು ಈ ಎರಡಕ್ಕಿಂತ ಜಾಸ್ತಿ ಗೊಂದಲದ್ದು, ನನ್ನ ಪ್ರಕಾರ ಜಾಸ್ತಿ ಸ್ವಾರಸ್ಯದ್ದೂ ಹೌದು.

ಈಗ ಈ ಮಾತು ಎತ್ತಲು ಕಾರಣ ಇದೆ. 2025ಕ್ಕೆ ನೈಸಿಯಾ ಸಭೆಗೆ 1700 ವರ್ಷ ತುಂಬಿತು. ಆ ಊರು ಈಗ ಟರ್ಕಿಯ ಇಜ್ನಿಕ್. ನವೆಂಬರ್ 28ರಂದು ಪೋಪ್ ಹದಿನಾಲ್ಕನೇ ಲಿಯೋ ಅಲ್ಲಿಗೆ ಹೋಗಿ, ಆರ್ಥಡಾಕ್ಸ್ ಚರ್ಚಿನ ಪೇಟ್ರಿಯಾರ್ಕ್, ಅಂದರೆ ಹಿರಿಯ ಧರ್ಮಗುರು, ಬಾರ್ತೊಲೊಮ್ಯೂ ಜೊತೆ ಸರೋವರದ ದಡದಲ್ಲಿ ಪ್ರಾರ್ಥನೆ ಮಾಡಿದರು. ನೀರಿನಡಿ ಮುಳುಗಿದ್ದ ಹಳೇ ಚರ್ಚಿನ ತಳಪಾಯ ಅಲ್ಲಿದೆ. 2014ರಲ್ಲಿ ಆಕಾಶದಿಂದ ತೆಗೆದ ಫೋಟೋಗಳಲ್ಲಿ ಅದು ಕಣ್ಣಿಗೆ ಬಿತ್ತು, ಈಚೆಗೆ ನೀರು ಇಳಿದ ಮೇಲೆ ಕಲ್ಲುಗಳು ಮೇಲೆ ಬಂದಿವೆ. ಸುದ್ದಿಯ ಜೊತೆಗೇ ಹಳೇ ಫಾರ್ವರ್ಡ್‌ಗೂ ಹೊಸ ಜೀವ ಬಂತು.

ಹಾಗಾದರೆ ನೈಸಿಯಾದಲ್ಲಿ ಏನು ಚರ್ಚೆಯಾಯಿತು? ಮುಖ್ಯ ವಿಷಯ ಆರಿಯಸ್ ಎಂಬ ಅಲೆಕ್ಸಾಂಡ್ರಿಯಾದ ಪಾದ್ರಿ ಎಬ್ಬಿಸಿದ ಜಗಳ. ಅವನಿಗೂ ಅವನ ಬಿಷಪ್ ಅಲೆಕ್ಸಾಂಡರ್‌ಗೂ ಆಗಿಬರಲಿಲ್ಲ. ತಂದೆ ದೇವರಿಗೆ ಮೊದಲಿಲ್ಲ, ಆದರೆ ಮಗನಿಗೆ, ಅಂದರೆ ಯೇಸುವಿಗೆ, ಮೊದಲಿದೆ, ತಂದೆ ಮಗನನ್ನು ಉಂಟುಮಾಡಿದ ಅನ್ನುವುದು ಆರಿಯಸ್‌ನ ವಾದ. ಗಮನಿಸಿ, ಯೇಸು ನಮ್ಮ ನಿಮ್ಮ ಹಾಗೆ ಬರೀ ಮನುಷ್ಯ ಅಂತ ಅವನು ಹೇಳಲೇ ಇಲ್ಲ. ಲೋಕ ಹುಟ್ಟುವುದಕ್ಕೂ ಮೊದಲೇ ಮಗ ಇದ್ದ, ಲೋಕ ಸೃಷ್ಟಿಯಾದದ್ದೇ ಮಗನ ಮೂಲಕ ಅಂತ ಅವನೂ ಒಪ್ಪುತ್ತಿದ್ದ. ತಂದೆಯಷ್ಟೇ ಸಮ ಹೌದೋ ಅಲ್ಲವೋ ಅನ್ನುವುದಷ್ಟೇ ಪ್ರಶ್ನೆ. ಕಾನ್‌ಸ್ಟಂಟೈನ್‌ಗೆ ಇದೆಲ್ಲ ತೀರಾ ಸಣ್ಣ ವಿಷಯಕ್ಕೆ ಕಿತ್ತಾಟ ಅನ್ನಿಸಿತ್ತು. ಸಭೆಗೆ ಮೊದಲು ಇಬ್ಬರಿಗೂ ಬರೆದ ಪತ್ರದಲ್ಲಿ ಅದನ್ನೇ ಹೇಳಿದ್ದ. ಅವನಿಗೆ ಬೇಕಿದ್ದದ್ದು ಸಾಮ್ರಾಜ್ಯದಲ್ಲಿ ಶಾಂತಿ.

ಸುಮಾರು 300 ಬಿಷಪ್‌ಗಳು ಸೇರಿದರು. ಪಾರಂಪರಿಕ ಲೆಕ್ಕ 318. ಮಗ ತಂದೆಯಷ್ಟೇ ದೇವರು ಅನ್ನುವ ವಿಶ್ವಾಸ ಪ್ರಮಾಣ, ಅಂದರೆ ಕ್ರೈಸ್ತರು ಏನು ನಂಬಬೇಕು ಅನ್ನುವ ಅಧಿಕೃತ ಹೇಳಿಕೆ, ಸಿದ್ಧವಾಯಿತು. ಲಿಬಿಯಾದ ಇಬ್ಬರು ಬಿಷಪ್‌ಗಳು ಮಾತ್ರ ಸಹಿ ಹಾಕಲಿಲ್ಲ, ಆರಿಯಸ್ ಜೊತೆ ಅವರನ್ನೂ ಗಡಿಪಾರು ಮಾಡಿದರು. ಈಸ್ಟರ್ ಹಬ್ಬ ಎಲ್ಲರೂ ಒಂದೇ ದಿನ ಮಾಡಬೇಕು ಅಂತ ತೀರ್ಮಾನವಾಯಿತು. ಆಮೇಲೆ 20 ನಿಯಮಗಳು. ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಾರದು, ಸಂಬಂಧಿಕರಲ್ಲದ ಹೆಂಗಸರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಭಾನುವಾರ ಮಂಡಿಯೂರದೆ ನಿಂತೇ ಪ್ರಾರ್ಥಿಸಬೇಕು, ಹೀಗೆ. ಯಾವ ಪುಸ್ತಕ ಬೈಬಲಿನಲ್ಲಿ ಇರಬೇಕು, ಯಾವುದು ಬೇಡ ಅಂತ ಆ ಇಪ್ಪತ್ತರಲ್ಲಿ ಒಂದೂ ಇಲ್ಲ. ವಿಶ್ವಾಸ ಪ್ರಮಾಣದಲ್ಲೂ ಇಲ್ಲ, ಸಭೆ ಮುಗಿದ ಮೇಲೆ ಹೊರಟ ಪತ್ರಗಳಲ್ಲೂ ಇಲ್ಲ.

ಯೇಸುವನ್ನು ದೇವರು ಅಂತ ಪೂಜಿಸುವುದು ಅಲ್ಲೇ ಶುರುವಾಯಿತು ಅನ್ನುವ ಮಾತಿಗೆ ಉತ್ತರ ಕೊಡಲು ಕ್ರೈಸ್ತರ ಪುಸ್ತಕವೇ ಬೇಕಿಲ್ಲ. ರೋಮಿನ ಸರ್ಕಾರಿ ಕಾಗದ ಸಾಕು. ಕ್ರಿ.ಶ. 112ರ ಸುಮಾರಿಗೆ ಪ್ಲಿನಿ ಎಂಬಾತ ಬಿಥಿನಿಯಾ ಪ್ರಾಂತ್ಯದ ಗವರ್ನರ್ ಆಗಿದ್ದ. ನೈಸಿಯಾ ಇದ್ದದ್ದು ಅದೇ ಪ್ರಾಂತ್ಯದಲ್ಲಿ. ಕ್ರೈಸ್ತರು ಅಂತ ದೂರು ಬಂದವರನ್ನು ಹಿಡಿದು ತರುತ್ತಿದ್ದರು, ಇವರನ್ನು ಏನು ಮಾಡಬೇಕು ಅಂತ ಅವನಿಗೆ ತೋಚಲಿಲ್ಲ. ಚಕ್ರವರ್ತಿ ತ್ರಾಜನ್‌ಗೆ ಪತ್ರ ಬರೆದು ಕೇಳಿದ. ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಹೊಗಳುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ ಅಂತ ಆಣೆ ಮಾಡುತ್ತಾರೆ, ಆಮೇಲೆ ಮತ್ತೆ ಸೇರಿ ಸಾಮಾನ್ಯವಾದ ಊಟ ಮಾಡುತ್ತಾರೆ ಅಂತ ಅದರಲ್ಲಿದೆ. ಇನ್ನೂ ಏನಾದರೂ ಇದೆಯೇನೋ ಅಂತ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ಕೇಳಿದನಂತೆ. ಬರೀ ಮೂಢನಂಬಿಕೆ, ಅತಿರೇಕ, ಬೇರೇನೂ ಸಿಗಲಿಲ್ಲ ಅಂತ ಬರೆದ. ಇದು ನೈಸಿಯಾ ಸಭೆಗೆ 200 ವರ್ಷ ಮುಂಚಿನ ಮಾತು, ಹೆಚ್ಚುಕಡಿಮೆ ಅದೇ ನೆಲದಲ್ಲಿ. ಆ ಇಬ್ಬರು ಹೆಂಗಸರಿಗೆ ಯಾವ ಚಕ್ರವರ್ತಿಯೂ ಏನು ನಂಬಬೇಕು ಅಂತ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಇನ್ನು ಪುಸ್ತಕಗಳ ವಿಷಯ. ಯೇಸು ಏನನ್ನೂ ಬರೆದಿಡಲಿಲ್ಲ. ಮೊದಲ ಶಿಷ್ಯರಿಗೆ ಶಾಸ್ತ್ರ ಅಂದರೆ ಯೆಹೂದ್ಯರ ಶಾಸ್ತ್ರವೇ, ನಾವು ಹಳೆ ಒಡಂಬಡಿಕೆ ಅನ್ನುವುದು. ಹೊಸದಾಗಿ ಒಂದು ಧರ್ಮಗ್ರಂಥ ಬರೆಯೋಣ ಅಂತ ಯಾರೂ ಕೂತದ್ದಿಲ್ಲ. ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಕ್ರೈಸ್ತರೇ ಬರೆದ ಭಾಗದಲ್ಲಿ, ಹೆಚ್ಚಿನ ವಿದ್ವಾಂಸರ ಪ್ರಕಾರ ಎಲ್ಲಕ್ಕಿಂತ ಹಳೆಯದು ಪೌಲ ಎಂಬ ಧರ್ಮಪ್ರಚಾರಕ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ, ಕ್ರಿ.ಶ. 50ರ ಆಸುಪಾಸಿನದ್ದು. ಪತ್ರ ಅಂದರೆ ಪತ್ರವೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ನೀವು ಒಟ್ಟಿಗೆ ಊಟಕ್ಕೆ ಸೇರಿದಾಗ ಕೆಲವರು ಕುಡಿದು ಮತ್ತರಾಗುತ್ತಾರೆ, ಕೆಲವರು ಹಸಿದೇ ಇರುತ್ತಾರೆ ಅಂತ ಪೌಲ ಬೈಯುತ್ತಾನೆ. ಯಾರಿಗೆಲ್ಲ ದೀಕ್ಷಾಸ್ನಾನ ಕೊಟ್ಟೆ ಅಂತ ಹೇಳುತ್ತಾ ಹೋಗಿ, ಅರ್ಧದಲ್ಲಿ ಇನ್ನೊಂದು ಮನೆಯವರು ನೆನಪಾಗಿ ಸೇರಿಸಿ, ಬೇರೆ ಯಾರಿಗಾದರೂ ಕೊಟ್ಟೆನೋ ಗೊತ್ತಿಲ್ಲ ಅನ್ನುತ್ತಾನೆ. ಮುಂದೆ 2000 ವರ್ಷ ಜನ ಇದನ್ನು ಓದುತ್ತಾರೆ ಅಂದುಕೊಂಡವನು ಹೀಗೆ ಬರೆಯುತ್ತಿದ್ದನೇ? ಅದೇ ಪತ್ರದ 15ನೇ ಅಧ್ಯಾಯದಲ್ಲಿ, ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೇ ದಿನ ಎಬ್ಬಿಸಲ್ಪಟ್ಟನು ಅನ್ನುವುದನ್ನು ನಾನು ಬೇರೆಯವರಿಂದ ಪಡೆದು ನಿಮಗೆ ಒಪ್ಪಿಸಿದೆ ಅನ್ನುತ್ತಾನೆ. ಅಂದರೆ ಪುಸ್ತಕಕ್ಕಿಂತ ಮೊದಲೇ ನಂಬಿಕೆ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಸುವಾರ್ತೆಗಳು ಅದಾದ ಮೇಲೆ ಬಂದವು. ಮಾರ್ಕ ಕ್ರಿ.ಶ. 70ರ ಸುಮಾರಿಗೆ, ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದ ಕಾಲಕ್ಕೆ. ಮತ್ತಾಯ, ಲೂಕ ಅದಕ್ಕಿಂತ ಹತ್ತಿಪ್ಪತ್ತು ವರ್ಷ ಈಚೆಗೆ, ಯೋಹಾನ ಮೊದಲ ಶತಮಾನದ ಕೊನೆಗೆ.

ಈ ಪತ್ರ, ಸುವಾರ್ತೆಗಳು ಊರಿಂದೂರಿಗೆ ನಕಲಾದವು. ಒಂದು ಊರಿನ ಕ್ರೈಸ್ತ ಸಭೆ ಇನ್ನೊಂದರಿಂದ ಎರವಲು ಪಡೆದು ಬರೆದುಕೊಳ್ಳುತ್ತಿತ್ತು, ಭಾನುವಾರ ಗಟ್ಟಿಯಾಗಿ ಓದುತ್ತಿತ್ತು. ಮ್ಯಾಂಚೆಸ್ಟರಿನ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಒಂದು ಪಪೈರಸ್ ಚೂರು ಇದೆ, ಅಂಗೈಯಲ್ಲಿ ಹಿಡಿಯುವಷ್ಟು. ಸುಮಾರು ಒಂಬತ್ತು ಸೆಂಟಿಮೀಟರ್ ಎತ್ತರ, ಆರು ಅಗಲ. ಎರಡೂ ಕಡೆ ಗ್ರೀಕ್ ಅಕ್ಷರ. ಯೋಹಾನನ 18ನೇ ಅಧ್ಯಾಯದ ತುಣುಕು, ರೋಮನ್ ಗವರ್ನರ್ ಪಿಲಾತ ಯೇಸುವನ್ನು ವಿಚಾರಣೆ ಮಾಡುವ ಭಾಗ. ಸಾಮಾನ್ಯವಾಗಿ ಎರಡನೇ ಶತಮಾನದ್ದು ಅನ್ನುತ್ತಾರೆ. ಸಿಕ್ಕಿದ್ದು ಈಜಿಪ್ಟಿನಲ್ಲಿ. ಎರಡೂ ಕಡೆ ಬರಹ ಇರುವುದರಿಂದ ಅದು ಸುರುಳಿಯದ್ದಲ್ಲ, ಹಾಳೆ ಮಗುಚುವ ಪುಸ್ತಕದ್ದು ಅಂತ ಗೊತ್ತಾಗುತ್ತದೆ.

ಬರೀ ಈ ನಾಲ್ಕೇ ಸುವಾರ್ತೆ ಇತ್ತೇ? ಇಲ್ಲ. ತೋಮನ ಹೆಸರಿನದ್ದು, ಪೇತ್ರನ ಹೆಸರಿನದ್ದು, ಯೂದನ ಹೆಸರಿನದ್ದು, ಹೀಗೆ ಬೇಕಾದಷ್ಟಿದ್ದವು. ಫಾರ್ವರ್ಡಿನಲ್ಲಿ ಇದೊಂದು ಮಾತು ನಿಜ. ಆದರೆ ಆರಿಸುವ ಕೆಲಸ ಕಾನ್‌ಸ್ಟಂಟೈನ್ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಶುರುವಾಗಿತ್ತು, ಅದೂ ಒಂದು ಜಗಳದಿಂದ. 140ರ ಸುಮಾರಿಗೆ ಮಾರ್ಸಿಯನ್ ಎಂಬ ಹಡಗಿನ ವ್ಯಾಪಾರಿ ರೋಮಿಗೆ ಬಂದ. ಯೆಹೂದ್ಯರ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂದು ಹಳೆ ಒಡಂಬಡಿಕೆಯನ್ನು ಪೂರ್ತಿ ಬಿಟ್ಟುಬಿಟ್ಟ. ಲೂಕನ ಸುವಾರ್ತೆಯನ್ನು ಕತ್ತರಿಸಿ, ಪೌಲನ ಹತ್ತು ಪತ್ರ ಸೇರಿಸಿ, ಶಾಸ್ತ್ರ ಅಂದರೆ ಇಷ್ಟೇ ಅಂದ. ನಮಗೆ ಗೊತ್ತಿರುವ ಮಟ್ಟಿಗೆ ಹೊಸ ಒಡಂಬಡಿಕೆಗೆ ಮೊದಲು ಪಟ್ಟಿ ಮಾಡಿದವನು ಇವನೇ, ಸಭೆ ಹೊರಗೆ ಹಾಕಿದ ಮನುಷ್ಯ. 180ರ ಸುಮಾರಿಗೆ ಈಗಿನ ಫ್ರಾನ್ಸಿನ ಲಿಯಾನ್ ಊರಿನ ಬಿಷಪ್ ಐರೇನಿಯಸ್, ಸುವಾರ್ತೆ ನಾಲ್ಕೇ, ಜಾಸ್ತಿಯೂ ಇಲ್ಲ ಕಮ್ಮಿಯೂ ಇಲ್ಲ ಅಂತ ಬರೆದ. ಅವನು ಕೊಟ್ಟ ಕಾರಣ ನಗು ತರಿಸುತ್ತದೆ: ದಿಕ್ಕು ನಾಲ್ಕು, ಗಾಳಿ ನಾಲ್ಕು, ಅದಕ್ಕೇ ಸುವಾರ್ತೆಯೂ ನಾಲ್ಕು. ಕಾರಣ ಸುಮ್ನೆ ಆಮೇಲೆ ಹುಡುಕಿದ್ದು. ಆ ನಾಲ್ಕು ಆಗಲೇ ರೂಢಿಯಲ್ಲಿದ್ದವು ಅನ್ನುವುದು ಮುಖ್ಯ.

ಅಂತಿಯೋಕ್ಯದ ಬಿಷಪ್ ಸೆರಾಪಿಯನ್ ಕಥೆ ಇನ್ನೂ ಚೆನ್ನಾಗಿದೆ. 200ರ ಆಸುಪಾಸಿನಲ್ಲಿ ರೋಸಸ್ ಎಂಬ ಊರಿನವರು ನಾವು ಪೇತ್ರನ ಸುವಾರ್ತೆ ಓದಬಹುದೇ ಅಂತ ಕೇಳಿದರು. ಅವನು ಪುಸ್ತಕ ನೋಡಿಯೇ ಇರಲಿಲ್ಲ, ಓದಿಕೊಳ್ಳಿ ಅಂದುಬಿಟ್ಟ. ಆಮೇಲೆ ಆ ಪುಸ್ತಕ ಇದ್ದವರಿಂದ ತರಿಸಿ ಓದಿ ನೋಡಿದರೆ, ಬಹುಪಾಲು ಸರಿ ಇದೆ, ಕೆಲವು ಕಡೆ ಏನೋ ಸೇರಿಸಿದ್ದಾರೆ. ಆಗ ಮಾತು ಬದಲಿಸಿದ. ಪಟ್ಟಿ ಬೆಳೆದದ್ದು ಹೀಗೆ, ಊರೂರಿನ ಗೊಂದಲ, ಕಾಗದ ಪತ್ರ, ಹೌದು ಅಲ್ಲಗಳ ನಡುವೆ.

ಪುಸ್ತಕ ಯಾರ ಕೈಯಲ್ಲಿತ್ತು ಅಂತ ಹತ್ತಿರದಿಂದ ನೋಡಬೇಕಾದರೆ ಕ್ರಿ.ಶ. 303ಕ್ಕೆ ಹೋಗಬೇಕು. ಚಕ್ರವರ್ತಿ ಡಯೊಕ್ಲೀಷಿಯನ್ ಆಜ್ಞೆ ಹೊರಡಿಸಿದ್ದ, ಚರ್ಚು ಕೆಡವಿ, ಶಾಸ್ತ್ರಗ್ರಂಥ ಸುಡಿ ಅಂತ. ಮೇ 19ರಂದು ಉತ್ತರ ಆಫ್ರಿಕಾದ ಸಿರ್ತಾ ಊರಿನಲ್ಲಿ ಅಧಿಕಾರಿಗಳು ಕ್ರೈಸ್ತರು ಸೇರುತ್ತಿದ್ದ ಮನೆಗೆ ಬಂದರು. ಗುಮಾಸ್ತರು ಬರೆದುಕೊಂಡ ಜಪ್ತಿ ಪಟ್ಟಿ ಇವತ್ತಿಗೂ ಉಳಿದಿದೆ. ಎರಡು ಚಿನ್ನದ ಬಟ್ಟಲು, ಆರು ಬೆಳ್ಳಿಯ ಬಟ್ಟಲು, ದೀಪಗಳು, ಹೆಂಗಸರ ನಿಲುವಂಗಿ 82, ಹೆಂಗಸರ ಚಪ್ಪಲಿ 47 ಜೊತೆ. ಬಹುಶಃ ಬಡವರಿಗೆ ಹಂಚಲು ಇಟ್ಟದ್ದು. ಪುಸ್ತಕದ ಕೋಣೆಗೆ ಹೋಗಿ ನೋಡಿದರೆ ಕಪಾಟು ಖಾಲಿ. ಕ್ಯಾಟುಲಿನಸ್ ಎಂಬ ಸಹಾಯಕ ಒಂದೇ ಒಂದು ದೊಡ್ಡ ಪುಸ್ತಕ ತಂದು ಕೊಟ್ಟ. ಒಂದೇ ಯಾಕೆ, ಉಳಿದದ್ದೆಲ್ಲಿ ಅಂತ ಅಧಿಕಾರಿ ಕೇಳಿದ. ನಮ್ಮ ಹತ್ತಿರ ಇಲ್ಲ, ಓದುವವರ ಹತ್ತಿರ ಇದೆ. ಅವರ ಹೆಸರು ಹೇಳಿ. ನಾವು ಹಿಡಿದುಕೊಡುವವರಲ್ಲ, ಬೇಕಾದರೆ ಕೊಲ್ಲಿಸಿ. ಇವರನ್ನು ಹಿಡಿಯಿರಿ ಅಂದ ಅಧಿಕಾರಿ.

ಆಮೇಲೆ ಮನೆ ಮನೆ ತಪಾಸಣೆ. ಯುಜೀನಿಯಸ್ ಮನೆಯಲ್ಲಿ ನಾಲ್ಕು ಪುಸ್ತಕ. ಫೆಲಿಕ್ಸ್ ಮನೆಯಲ್ಲಿ ಐದು. ವಿಕ್ಟೋರಿನಸ್ ಎಂಟು ಕೊಟ್ಟ. ವಿಕ್ಟರ್ ಎಂಬ ಮೇಷ್ಟ್ರ ಹತ್ತಿರ ಎರಡು ಪುಸ್ತಕ, ಜೊತೆಗೆ ಹೊಲಿಯದೆ ಬಿಟ್ಟ ನಾಲ್ಕು ಹಾಳೆ ಕಟ್ಟು. ಕೊಡ್ಡಿಯೋ ಮನೆಯಲ್ಲಿರಲಿಲ್ಲ, ಅವನ ಹೆಂಡತಿ ಆರು ಪುಸ್ತಕ ತಂದಿಟ್ಟಳು. ಇನ್ನೂ ಇದೆಯಾ ಅಂತ ಒಳಗೆ ಹುಡುಕಿಸಿದರು, ಸಿಗಲಿಲ್ಲ. ಒಂದು ಊರಿನಲ್ಲಿ 30ಕ್ಕೂ ಹೆಚ್ಚು ಪುಸ್ತಕ, ಅವು ಇದ್ದದ್ದು ಬಿಷಪ್ ಹತ್ತಿರವೂ ಅಲ್ಲ, ಅರಮನೆಯಲ್ಲೂ ಅಲ್ಲ. ಸಭೆಯಲ್ಲಿ ಗಟ್ಟಿಯಾಗಿ ಓದುವ ಕೆಲಸದವರ ಮನೆಗಳಲ್ಲಿ. ಈ ದಾಖಲೆ ಉಳಿದದ್ದೇ ಪುಸ್ತಕ ಒಪ್ಪಿಸಿದ್ದು ಮುಂದೆ ದೊಡ್ಡ ಕಳಂಕವಾದ್ದರಿಂದ. 320ರಲ್ಲಿ ಒಂದು ವಿಚಾರಣೆಯಲ್ಲಿ ಇದನ್ನೇ ಸಾಕ್ಷಿಯಾಗಿ ಓದಿದರು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ತೋರಿಸಲು.

ಇಲ್ಲೊಂದು ಸೂಕ್ಷ್ಮ ಇದೆ. ಪೊಲೀಸರು ಬಾಗಿಲು ತಟ್ಟಿದಾಗ ಯಾವ ಪುಸ್ತಕ ಕೊಟ್ಟರೆ ಪಾಪ, ಯಾವುದು ಕೊಟ್ಟರೆ ಪರವಾಗಿಲ್ಲ ಅಂತ ಗೊತ್ತಿರಬೇಕಲ್ಲ? ಕಾರ್ತೇಜಿನ ಬಿಷಪ್ ಮೆನ್ಸೂರಿಯಸ್ ಶಾಸ್ತ್ರಗ್ರಂಥಗಳನ್ನು ಬಚ್ಚಿಟ್ಟು, ಪಾಷಂಡಿಗಳು ಅಂತ ತಾನು ಕರೆಯುತ್ತಿದ್ದವರ ಪುಸ್ತಕಗಳನ್ನು ಚರ್ಚಿನಲ್ಲಿ ಬಿಟ್ಟಿದ್ದನಂತೆ. ಅಧಿಕಾರಿಗಳು ಅದನ್ನೇ ಹೊತ್ತುಕೊಂಡು ಹೋದರು. ನೈಸಿಯಾಗೆ ಇನ್ನೂ 20 ವರ್ಷಕ್ಕೂ ಮೇಲಿರುವಾಗಲೇ ಈ ವ್ಯತ್ಯಾಸ ಜನರ ತಲೆಯಲ್ಲಿ ಕೂತಿತ್ತು. ಅಂದ ಹಾಗೆ, ಆ ಸಿರ್ತಾ ಊರಿಗೆ ಆಮೇಲೆ ಚಕ್ರವರ್ತಿಯ ಹೆಸರನ್ನೇ ಇಟ್ಟರು. ಈಗಿನ ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರ ಅದೇ.

ಹಾಗಂತ 325ರ ಹೊತ್ತಿಗೆ ಪಟ್ಟಿ ಮುಗಿದಿತ್ತು ಅಂತಲ್ಲ. ನಾಲ್ಕು ಸುವಾರ್ತೆ, ಪೌಲನ ಪತ್ರಗಳ ಬಗ್ಗೆ ಹೆಚ್ಚಿನವರಿಗೆ ತಕರಾರಿರಲಿಲ್ಲ. ಅಂಚಿನಲ್ಲಿ ಜಗ್ಗಾಟ ಇತ್ತು. ಕಾನ್‌ಸ್ಟಂಟೈನ್ ಕಾಲದಲ್ಲೇ ಇದ್ದ, ನೈಸಿಯಾ ಸಭೆಯಲ್ಲೂ ಕೂತಿದ್ದ ಬಿಷಪ್ ಯೂಸೀಬಿಯಸ್ ತನ್ನ ಸಭಾ ಚರಿತ್ರೆಯಲ್ಲಿ ಯಾಕೋಬನ ಪತ್ರ, ಯೂದನ ಪತ್ರ, ಪೇತ್ರನ ಎರಡನೇ ಪತ್ರ, ಯೋಹಾನನ ಎರಡು ಮತ್ತು ಮೂರನೇ ಪತ್ರ ಇವೆಲ್ಲ ವಿವಾದದಲ್ಲಿವೆ ಅಂತ ಬರೆದಿದ್ದಾನೆ. ಈಗ ಬೈಬಲಿನ ಕೊನೆಗೆ ಬರುವ ಪ್ರಕಟಣೆ ಎಂಬ ಪುಸ್ತಕವನ್ನು ಎಲ್ಲಿ ಇಡಬೇಕು ಅಂತ ಅವನಿಗೇ ಗೊತ್ತಾಗಲಿಲ್ಲ, ಒಪ್ಪಿದ್ದರಲ್ಲೂ ಹಾಕಿದ, ಬೇಡದ್ದರಲ್ಲೂ ಹಾಕಿದ. ಸಭೆ ಮುಗಿದು ಕೆಲ ವರ್ಷದ ಮೇಲೆ ಚಕ್ರವರ್ತಿ ಇದೇ ಯೂಸೀಬಿಯಸ್‌ಗೆ ಹೊಸ ರಾಜಧಾನಿಯ ಚರ್ಚುಗಳಿಗೆ 50 ಪ್ರತಿ ಶಾಸ್ತ್ರಗ್ರಂಥ ಬರೆಸಿಕೊಡು ಅಂದ. ಒಳ್ಳೆ ಚರ್ಮದ ಹಾಳೆ, ನುರಿತ ಬರಹಗಾರರು, ಸಾಗಿಸಲು ಸರ್ಕಾರಿ ಗಾಡಿ ಅಂತೆಲ್ಲ ಪತ್ರದಲ್ಲಿದೆ. ಯಾವ ಪುಸ್ತಕ ಸೇರಿಸಬೇಕು ಅಂತ ಮಾತ್ರ ಇಲ್ಲ.

ಅದೇ ಶತಮಾನದ್ದು ಸಿನಾಯ್ ಪ್ರತಿ ಎಂಬ ಕೈಬರಹದ ಗ್ರೀಕ್ ಬೈಬಲ್. ಬಹುಪಾಲು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹೊಸ ಒಡಂಬಡಿಕೆ ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಪ್ರತಿ ಅದು. ಕೊನೆಗೆ ಹೋಗಿ ನೋಡಿದರೆ ಪ್ರಕಟಣೆ ಮುಗಿದ ಮೇಲೆ ಬಾರ್ನಬನ ಪತ್ರ, ಹರ್ಮಸನ ಕುರುಬ ಅನ್ನುವ ಇನ್ನೆರಡು ಪುಸ್ತಕ ಇವೆ. ಈಗಿನ ಯಾವ ಬೈಬಲಿನಲ್ಲೂ ಅವು ಸಿಗುವುದಿಲ್ಲ. ಮಾರ್ಕನ ಸುವಾರ್ತೆ ಅದರಲ್ಲಿ 16ನೇ ಅಧ್ಯಾಯದ 8ನೇ ವಚನಕ್ಕೆ, ಹೆಂಗಸರು ಹೆದರಿ ಓಡಿಹೋದರು ಅನ್ನುವಲ್ಲಿಗೆ ಮುಗಿಯುತ್ತದೆ. ಈಗ ಓದುವ ಮುಂದಿನ ಹನ್ನೆರಡು ವಚನ ಅಲ್ಲಿಲ್ಲ. ಒಂದಕ್ಷರವೂ ಬದಲಾಗಿಲ್ಲ ಅನ್ನುವವರು ಇದಕ್ಕೆ ಉತ್ತರ ಕೊಡಬೇಕು. ನೈಸಿಯಾದಲ್ಲೇ ಎಲ್ಲ ತೀರ್ಮಾನವಾಯಿತು ಅನ್ನುವವರೂ ಕೊಡಬೇಕು.

ಈಗಿನ 27 ಪುಸ್ತಕಗಳ ಪಟ್ಟಿ ಸರಿಯಾಗಿ ಮೊದಲು ಕಾಣುವುದು 367ರಲ್ಲಿ. ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಪ್ರತಿ ವರ್ಷ ಈಸ್ಟರ್ ಯಾವತ್ತು ಅಂತ ತಿಳಿಸಲು ಬರೆಯುತ್ತಿದ್ದ ಪತ್ರಗಳಲ್ಲಿ ಒಂದರಲ್ಲಿ ಅದಿದೆ. ಹಳೆ ಒಡಂಬಡಿಕೆಯಲ್ಲಿ ಅವನು ಎಸ್ತೇರಳ ಪುಸ್ತಕವನ್ನು ಬಿಟ್ಟಿದ್ದಾನೆ. ಆಮೇಲೆ 393ರಲ್ಲಿ ಹಿಪ್ಪೋ, 397ರಲ್ಲಿ ಕಾರ್ತೇಜ್ ಸಭೆಗಳು 27ಕ್ಕೆ ಹೂಂ ಅಂದವು. ಇವೂ ಇಡೀ ಕ್ರೈಸ್ತ ಲೋಕದ ಸಭೆಗಳಲ್ಲ, ಆಫ್ರಿಕಾ ಪ್ರಾಂತ್ಯದವು. ಗ್ರೀಕ್ ಆರ್ಥಡಾಕ್ಸ್ ಚರ್ಚುಗಳ ಪೂಜೆಯಲ್ಲಿ ಇವತ್ತಿಗೂ ಪ್ರಕಟಣೆಯಿಂದ ಪಾಠ ಓದುವುದಿಲ್ಲ, ಬೈಬಲಿನಲ್ಲಿ ಇದ್ದರೂ.

ಇಷ್ಟೆಲ್ಲ ಇದ್ದೂ ನೈಸಿಯಾ ಕಥೆ ಎಲ್ಲಿಂದ ಬಂತು? ಒಂಬತ್ತನೇ ಶತಮಾನದ ಒಂದು ಗ್ರೀಕ್ ಬರಹದಲ್ಲಿ ಪವಾಡದ ಕಥೆ ಬರುತ್ತದೆ. ಬಿಷಪ್‌ಗಳು ಎಲ್ಲ ಪುಸ್ತಕಗಳನ್ನೂ ಬಲಿಪೀಠದ ಹತ್ತಿರ ಇಟ್ಟು ಪ್ರಾರ್ಥಿಸಿದರು, ದೈವಿಕವಾದವು ಮೇಲೆ ಉಳಿದವು, ಸುಳ್ಳು ಪುಸ್ತಕಗಳು ಕೆಳಗೆ ಬಿದ್ದವು. 1601ರಲ್ಲಿ ಅದು ಅಚ್ಚಾಯಿತು. ಅದನ್ನು ಹಿಡಿದು ಫ್ರೆಂಚ್ ಲೇಖಕ ವಾಲ್ಟೇರ್ ಚೆನ್ನಾಗಿ ಗೇಲಿ ಮಾಡಿದ. 2003ರಲ್ಲಿ ‘ದ ಡಾ ವಿಂಚಿ ಕೋಡ್’ ಎಂಬ ಇಂಗ್ಲಿಷ್ ಥ್ರಿಲ್ಲರ್ ಕಾದಂಬರಿ ಬಂತು, ನೈಸಿಯಾ ಕಥೆ ಅದರಿಂದ ಎಲ್ಲೆಡೆ ಹರಡಿತು. ಭಕ್ತರು ಕಟ್ಟಿದ ಕಥೆಯೇ ಭಕ್ತರ ವಿರುದ್ಧದ ಕಥೆಯಾಯಿತು ಅನ್ನುವುದು ನನಗೆ ಮಜಾ ಅನ್ನಿಸುತ್ತದೆ. ಈ ಕಥೆ ಬಾಳಿ ಬರಲು ಇನ್ನೊಂದು ಕಾರಣವೂ ಇದೆ ಅಂತ ನನ್ನ ಅನಿಸಿಕೆ. ದೊಡ್ಡದೇನಾದರೂ ಆಗಿದ್ದರೆ ಹಿಂದೆ ಒಬ್ಬ ರಾಜ ಇರಲೇಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಕೊಡ್ಡಿಯೋನ ಹೆಂಡತಿಗೆ ಚರಿತ್ರೆಯಲ್ಲಿ ಪಾಲಿದೆ ಅಂತ ಹೊಳೆಯುವುದಿಲ್ಲ.

ಹಾಗೆಂದು ಅಧಿಕಾರದ ಪಾತ್ರವೇ ಇರಲಿಲ್ಲ ಅಂದರೆ ಅದೂ ಸುಳ್ಳೇ. ಆರಿಯಸ್‌ನ ಬರಹಗಳನ್ನು ಸುಡಬೇಕು, ಬಚ್ಚಿಟ್ಟವರಿಗೆ ಮರಣದಂಡನೆ ಅಂತ ಕಾನ್‌ಸ್ಟಂಟೈನ್ ಆಜ್ಞೆ ಮಾಡಿದ್ದು ನಿಜ. ಆಮೇಲೆ ಅವನೇ ಮೆತ್ತಗಾದ. 337ರಲ್ಲಿ ಸಾಯುವ ಮುಂಚೆ ದೀಕ್ಷಾಸ್ನಾನ ಪಡೆದದ್ದು ಆರಿಯಸ್ ಪರ ನಿಂತಿದ್ದ ಬಿಷಪ್ ಕೈಯಿಂದ. ನೈಸಿಯಾದ ಪರ ನಿಂತ ಅಥನೇಷಿಯಸ್ ಐದು ಸಲ ಗಡಿಪಾರಾದ. ಚಕ್ರವರ್ತಿಯ ಮಾತೇ ಕೊನೆ ಮಾತಾಗಿದ್ದರೆ ಆರಿಯಸ್‌ನ ಕಡೆಯವರೇ ಗೆಲ್ಲಬೇಕಿತ್ತು. 380ರಲ್ಲಿ ಥಿಯೊಡೋಷಿಯಸ್ ನೈಸಿಯಾದ ನಂಬಿಕೆಯನ್ನು ರಾಜ್ಯದ ಧರ್ಮ ಮಾಡಿದ ಮೇಲೆ ಭಿನ್ನ ಪುಸ್ತಕ ಇಟ್ಟುಕೊಳ್ಳುವುದು ಕಷ್ಟವಾಯಿತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಜಾಡಿಯೊಳಗೆ ಹೂತಿಟ್ಟ ಪುಸ್ತಕಗಳು ಸಿಕ್ಕವು, ತೋಮನ ಸುವಾರ್ತೆ ಸೇರಿ. ಅಥನೇಷಿಯಸ್‌ನ ಆ ಪತ್ರದ ಭಯಕ್ಕೇ ಹೂತರು ಅನ್ನುವುದು ಕೆಲವು ವಿದ್ವಾಂಸರ ಊಹೆ.

ರಾಜಬಲದಿಂದ ಬೈಬಲ್ ತಿದ್ದಿದ ಉದಾಹರಣೆಯೇ ಬೇಕು ಅನ್ನುವವರು ಟರ್ಕಿಗೆ ಹೋಗಬೇಕಾಗಿಲ್ಲ, ಕೊಚ್ಚಿಯ ಹತ್ತಿರ ಸಾಕು. ಕೇರಳದ ಸಿರಿಯನ್ ಕ್ರೈಸ್ತರು ಓದುತ್ತಿದ್ದದ್ದು ಸಿರಿಯಾಕ್ ಭಾಷೆಯ ಪೆಶಿತ್ತಾ. ಅದರ ಹಳೇ ರೂಪದಲ್ಲಿ ಹೊಸ ಒಡಂಬಡಿಕೆಗೆ 22 ಪುಸ್ತಕ ಮಾತ್ರ. ಪೇತ್ರನ ಎರಡನೇ ಪತ್ರ, ಯೋಹಾನನ ಎರಡು ಸಣ್ಣ ಪತ್ರ, ಯೂದ, ಪ್ರಕಟಣೆ ಇರಲಿಲ್ಲ. ನೈಸಿಯಾ ಕಳೆದು ಸಾವಿರದ ಇನ್ನೂರು ವರ್ಷದವರೆಗೂ ಅವರಿಗೆ ಇದೊಂದು ಕೊರತೆ ಅನ್ನಿಸಿರಲಿಲ್ಲ. 1599ರಲ್ಲಿ ಗೋವಾದ ಪೋರ್ಚುಗೀಸ್ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸಭೆ ಕರೆದು, ಬಿಟ್ಟುಹೋದ ಪುಸ್ತಕಗಳನ್ನು ಸೇರಿಸಿ, ಪ್ರತಿಗಳನ್ನು ತಿದ್ದಿ ಅಂತ ಆಜ್ಞೆ ಮಾಡಿದ. ತನಗೆ ತಪ್ಪು ಅನ್ನಿಸಿದ ಅವರ ಬೇರೆ ಸಿರಿಯಾಕ್ ಪುಸ್ತಕಗಳನ್ನು ಸುಡಿಸಿದ. ಆ ಸಮುದಾಯದವರು ಬೆಳ್ತಂಗಡಿ ಕಡೆ ಬಂದು ನೆಲೆಸಿ ದಶಕಗಳಾಗಿವೆ, ಅಲ್ಲಿ ಅವರದ್ದೇ ಡಯಾಸಿಸ್, ಅಂದರೆ ಬಿಷಪ್ ಇರುವ ಧರ್ಮಪ್ರಾಂತ್ಯ, ಇದೆ.

ಬೈಬಲ್ ಇವತ್ತಿಗೂ ಒಂದೇ ಲೆಕ್ಕಕ್ಕೆ ಸಿಗುವುದಿಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು 1831ರಲ್ಲಿ ಹೊರತಂದ ಕನ್ನಡ ಬೈಬಲಿನಿಂದ ಹಿಡಿದು ಇಂದಿನ ಸತ್ಯವೇದದವರೆಗೆ ಪ್ರೊಟೆಸ್ಟೆಂಟರದ್ದು 66 ಪುಸ್ತಕ. ಕಥೋಲಿಕರ ಕನ್ನಡ ಬೈಬಲಿನಲ್ಲಿ ತೋಬಿತ, ಯೂದಿತ, ಮಕ್ಕಬಿಯರು ಎಲ್ಲ ಸೇರಿ 73. ಇಥಿಯೋಪಿಯಾದ ಆರ್ಥಡಾಕ್ಸ್ ಸಭೆಯ ಲೆಕ್ಕ 81, ಹನೋಕನ ಪುಸ್ತಕವೂ ಅವರಿಗೆ ಶಾಸ್ತ್ರವೇ. ನೈಸಿಯಾದ ವಿಶ್ವಾಸ ಪ್ರಮಾಣ ಮಾತ್ರ ಈ ಮೂರೂ ಕಡೆಯವರು ಒಪ್ಪುತ್ತಾರೆ.